ನೊರೆಯ ಹೊದಿಕೆ ಮತ್ತು ನೀರಾವಿಯ ದಾರಿ

ಕಂಬಳಿಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲವಾದ ಗಾಳಿಯು ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಚಳಿಯ ದೇಶಗಳಲ್ಲಿ ಮನೆಗಳಿಗೂ ಇಂತಹ ಹೊದಿಕೆಯನ್ನು ಹೊದಿಸುವ ವಾಡಿಕೆಯುಂಟು. ಅಂತಹ ಹೊದಿಕೆಗಳಲ್ಲೊಂದು, ಸಿಂಪಡಿಸುವ ನೊರೆ.

1937ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಆಟೋ ಬೇಯರ್ ಮತ್ತು ಅವರ ಸಂಗಡಿಗರು ಪಾಲಿಯುರೆಥೇನ್ ಎಂಬ ಪದಾರ್ಥದ ತಯಾರಿಕೆಯನ್ನು ಕಂಡುಹಿಡಿದರು. ಈ ನೊರೆಯು ಅದರದೇ ಒಂದು ರೂಪ. ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳನ್ನು ಕೂಡಿಸಿ ಸಿಂಪಡಿಸಿದರೆ, ಮಿಶ್ರಣವು ಕೆಲವೇ ಕ್ಷಣಗಳಲ್ಲಿ ಹತ್ತಾರು ಪಟ್ಟು ಉಬ್ಬಿ, ಸಂದುಗೊಂದುಗಳನ್ನೆಲ್ಲ ತುಂಬಿ ಗಟ್ಟಿಯಾಗುತ್ತದೆ. ಅದರ ಅಸಂಖ್ಯ ಗುಳ್ಳೆಗಳಲ್ಲಿ ಸೆರೆಯಾದ ಅನಿಲವು ಶಾಖದ ಹರಿವಿಗೆ ಅಡ್ಡಿಯಾಗುತ್ತದೆ.

ಆದರೆ ಸಂದುಗಳನ್ನು ಮುಚ್ಚುವ ಈ ಗುಣವೇ ಬ್ರಿಟನ್ನಿನ ಅನೇಕ ಮನೆಗಳಿಗೆ ತೊಡಕಾಗಿದೆ. ಅಲ್ಲಿನ ಇಳಿಜಾರು ಮಾಡಿನ ಕೆಳಗಿನ ಅಟ್ಟದಲ್ಲಿ ಗಾಳಿಯಾಡಲು ದಾರಿಯಿರುತ್ತದೆ. ಅಡಿಗೆ, ಸ್ನಾನ, ಉಸಿರಾಟಗಳಿಂದೇಳುವ ನೀರಾವಿಯು ಆ ದಾರಿಯಲ್ಲಿ ಹೊರಬೀಳುತ್ತದೆ. ಮಾಡಿನ ಒಳಮೈಗೆ ನೊರೆಯನ್ನು ಮೆತ್ತಿದರೆ ದಾರಿ ಮುಚ್ಚಿಹೋಗಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹೊಂದಿರಬಲ್ಲದು. 5 ಡಿಗ್ರಿಯಲ್ಲಾದರೋ ಸುಮಾರು 7 ಗ್ರಾಂ ಮಾತ್ರ. ಆದುದರಿಂದ ನೊರೆಯನ್ನು ದಾಟಿ ತಣ್ಣನೆಯ ತೊಲೆಯನ್ನು ಮುಟ್ಟಿದ ಆವಿಯು ನೀರಾಗುತ್ತದೆ. ಆ ತೇವವು ಆರದೆ ನಿಂತರೆ ಮರವು ಕೊಳೆಯುತ್ತದೆ. ತೊಲೆಯು ನೊರೆಯಲ್ಲಿ ಮುಚ್ಚಿಹೋಗಿರುವುದರಿಂದ ಪರೀಕ್ಷಕನಿಗೆ ಅದು ಕಾಣುವುದೂ ಇಲ್ಲ. ಈ ಕಾರಣದಿಂದ ಅಲ್ಲಿನ ಕೆಲವು ಸಾಲಸಂಸ್ಥೆಗಳು ಇಂತಹ ಮನೆಗಳ ಮೇಲೆ ಸಾಲ ಕೊಡಲು ಒಪ್ಪುತ್ತಿಲ್ಲ. ಇಂಧನದ ವೆಚ್ಚ ತಗ್ಗೀತೆಂದು ನಂಬಿ ನೊರೆ ಹಾಕಿಸಿದವರು, ಮನೆ ಮಾರಬೇಕಾದಾಗ ಮತ್ತೆ ಹಣ ತೆತ್ತು ಅದನ್ನು ಕೆರೆದು ತೆಗೆಸಬೇಕಾಗಿ ಬಂದಿದೆ.

ಹಾಗಾದರೆ ನೊರೆಯನ್ನೇ ಬಹಿಷ್ಕರಿಸಬೇಕೆ? ನಾವು ಇದನ್ನು ಒಪ್ಪುವುದಿಲ್ಲ. ಆವಿಗೆ ತಕ್ಕ ದಾರಿಯನ್ನು ಕಲ್ಪಿಸಿ ಹಾಕಿದ ನೊರೆಯು ಇಂಧನವನ್ನು ನಿಜವಾಗಿಯೂ ಉಳಿಸುತ್ತದೆ. ಶಾಖದ ಲೆಕ್ಕವನ್ನು ಮಾಡಿ ನೀರಾವಿಯ ಲೆಕ್ಕವನ್ನು ಬಿಟ್ಟುದೇ ಇಲ್ಲಿ ನಡೆದ ತಪ್ಪು. ಸಿಂಪಡಿಸುವುದಕ್ಕೆ ಮೊದಲು, ನೊರೆಯ ಮಾರಾಟದಲ್ಲಿ ಪಾಲಿಲ್ಲದ ತಜ್ಞನೊಬ್ಬನು ಮರದ ತೇವವನ್ನು ಅಳೆದು, ಆವಿಯು ಹೊರಹೋಗುವ ಬಗೆಯನ್ನು ಗೊತ್ತುಮಾಡಿ, ಬರೆದುಕೊಡಬೇಕು. ಆ ಬರಹವು ಮನೆಯ ಪತ್ರಗಳೊಡನೆ ಉಳಿಯಬೇಕು. ಇದು ಕಾನೂನಿನಿಂದಲೇ ಕಡ್ಡಾಯವಾಗಬೇಕೆಂಬುದು ನಮ್ಮ ಅಭಿಪ್ರಾಯ. ಇದರಿಂದ ಖರ್ಚೂ ವಿಳಂಬವೂ ಆಗುವುವೆಂದು ಕೆಲವರು ಹೇಳಬಹುದು. ಕೊಳೆತ ಮಾಡನ್ನು ಬಿಚ್ಚಿ ಕಟ್ಟುವ ಖರ್ಚಿನ ಮುಂದೆ ಅದು ಅಲ್ಪವೇ ಸರಿ.

ಉಷ್ಣದ ಪಾಠವನ್ನೂ ಆರ್ದ್ರತೆಯ ಪಾಠವನ್ನೂ ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಮಾಡಿನ ಕೆಳಗೆ ಅವೆರಡೂ ಕೂಡಿಯೇ ಕೆಲಸಮಾಡುತ್ತವೆ. ನಾಳೆ ಮನೆಗಳನ್ನು ಕಟ್ಟಲಿರುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.