ಬೆನ್ನು ನೆಟ್ಟಗಾದರೆ ಧೈರ್ಯ ಬಂದೀತೆ?

ಸಂದರ್ಶನಕ್ಕೋ ವೇದಿಕೆಗೋ ಹೋಗುವ ಮುನ್ನ ಎದೆ ಅಗಲಿಸಿ, ತಲೆಯೆತ್ತಿ ನಿಂತರೆ ಆತ್ಮವಿಶ್ವಾಸ ಹೆಚ್ಚುತ್ತದೆ ಎಂದು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲೆಲ್ಲ ಹೇಳಿಕೊಡುತ್ತಾರೆ. ಈ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಪರ: ಬಗ್ಗಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು
(ಕಾಲೇಜು ವಿದ್ಯಾರ್ಥಿಗಳ ರಂಗ ತರಬೇತುದಾರರು)

ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳಿಗೆ ವೇದಿಕೆಯ ಮೇಲೆ ಮಾತಾಡಲು ಕಲಿಸುವುದು ನನ್ನ ಕೆಲಸ. ಧೈರ್ಯವಾಗಿ ಮಾತಾಡಮ್ಮ ಎಂದು ನೂರು ಸಲ ಹೇಳಿದರೂ ಆಗದ ಕೆಲಸ, ನಿಲ್ಲುವ ರೀತಿ ತಿದ್ದಿದರೆ ಆಗುತ್ತದೆ. ಹೆದರಿದ ಹುಡುಗಿ ನಿಲ್ಲುವುದನ್ನು ಗಮನಿಸಿ. ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ಇನ್ನೊಂದು ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿರುತ್ತದೆ. ವೇಲಿನ ತುದಿ ಬೆರಳಿಗೆ ಸುತ್ತಿರುತ್ತದೆ, ಹೆಗಲು ಮುಂದಕ್ಕೆ ಬಾಗಿರುತ್ತದೆ. ಹಾಗೆ ನಿಂತರೆ ಪಕ್ಕೆಲುಬು ಅಗಲುವುದಕ್ಕೇ ಜಾಗವಿಲ್ಲ. ಉಸಿರು ಮೇಲೆಮೇಲೆಯೇ ಆಡುತ್ತದೆ, ದನಿ ಮೊದಲ ಬೆಂಚು ದಾಟುವುದಿಲ್ಲ. ತನ್ನ ದನಿ ನಡುಗುವುದು ಅವಳ ಕಿವಿಗೇ ಬಿದ್ದು ಹೆದರಿಕೆ ಇಮ್ಮಡಿಯಾಗುತ್ತದೆ. ಅದೇ ಹುಡುಗಿಗೆ ಎರಡೂ ಪಾದ ಸಮನಾಗಿ ಊರಿ, ಮಂಡಿ ಸಡಿಲ ಬಿಟ್ಟು, ಹಿಂದಿನ ಗೋಡೆ ನೋಡಲು ಹೇಳಿ. ಉಸಿರು ಹೊಟ್ಟೆಗಿಳಿಯುತ್ತದೆ, ದನಿ ಕೊನೆಯ ಬೆಂಚಿಗೆ ಮುಟ್ಟುತ್ತದೆ. ಅಲ್ಲಿ ಕೂತವರು ತಲೆದೂಗಿದರೆ ಮುಂದಿನ ಮಾತು ತಾನಾಗಿ ಬರುತ್ತದೆ.

ನಾಟ್ಯಶಾಸ್ತ್ರ ನಾಲ್ಕು ಬಗೆಯ ಅಭಿನಯ ಹೇಳುವಾಗ ಆಂಗಿಕವನ್ನು, ಅಂದರೆ ಮೈಯ ಅಭಿನಯವನ್ನು, ಮೊದಲಿಟ್ಟು ಆಮೇಲೆ ಮಾತಿನ ಅಭಿನಯವಾದ ವಾಚಿಕಕ್ಕೆ ಬಂದಿದೆ. ಮೈಯಲ್ಲಾಗುವ ಬದಲಾವಣೆಯ ಅರಿವೇ ಭಾವನೆ ಎಂದು ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲೇ ವಾದಿಸಿದ್ದರು.

ಇವೆಲ್ಲಕ್ಕಿಂತ ದೊಡ್ಡ ಪುರಾವೆ ನಮ್ಮ ಹಳ್ಳಿಗಳ ಇತಿಹಾಸದಲ್ಲೇ ಇದೆ. ಮೇಲ್ಜಾತಿಯ ಯಜಮಾನ ಎದುರಾದರೆ ದಲಿತರು ಹೆಗಲ ಮೇಲಿನ ಟವೆಲು ಇಳಿಸಬೇಕಿತ್ತು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು, ನಡು ಬಗ್ಗಿಸಿ ಮಾತಾಡಬೇಕಿತ್ತು. ಮನೆಯ ಸೊಸೆ ಮಾವನೆದುರು ಕೂರುವಂತಿರಲಿಲ್ಲ, ತಲೆ ಎತ್ತುವಂತಿರಲಿಲ್ಲ. ಮೈಗೂ ಮನಸ್ಸಿಗೂ ಸಂಬಂಧವೇ ಇಲ್ಲದಿದ್ದರೆ ಜನರ ಬೆನ್ನು ಬಗ್ಗಿಸಲು ಇಷ್ಟೊಂದು ಕಟ್ಟಳೆ ಏಕೆ ಬೇಕಿತ್ತು? ದಿನವೂ ಬಗ್ಗಿದವನಿಗೆ ಕೊನೆಗೆ ತಾನು ಬಗ್ಗಬೇಕಾದವನೇ ಅನಿಸಿಬಿಡುತ್ತದೆ ಎಂಬುದು ಬಗ್ಗಿಸಿದವರಿಗೆ ಗೊತ್ತಿತ್ತು. ಇವತ್ತು ಊರೂರಿನ ಅಂಬೇಡ್ಕರ್ ಪ್ರತಿಮೆ ನೋಡಿ: ಕೋಟು, ಟೈ, ಕಂಕುಳಲ್ಲಿ ಸಂವಿಧಾನ, ಮುಂದಕ್ಕೆ ಚಾಚಿದ ತೋರುಬೆರಳು. ಆ ನಿಲುವನ್ನು ನೋಡುತ್ತ ಬೆಳೆದ ಮಕ್ಕಳ ನಡಿಗೆಯೇ ಬೇರೆ. ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಅವರ ಪಾಲಿಗೆ ಹಕ್ಕು ಪಡೆಯುವ ಮೊದಲ ಹೆಜ್ಜೆ.

ಭಂಗಿ ಬದಲಿಸಿದರೆ ಹಾರ್ಮೋನು ಬದಲಾಗುತ್ತದೆ ಎಂಬ ಲೆಕ್ಕ ತಾಳೆಯಾಗಲಿಲ್ಲ ಎಂದು ವಿಜ್ಞಾನಿಗಳು ಹೇಳಿದರೆ ಹೇಳಲಿ. ನನ್ನ ವಿದ್ಯಾರ್ಥಿನಿಯರ ರಕ್ತದಲ್ಲಿ ಏನಿದೆ ಎಂಬುದು ನನಗೆ ಬೇಕಿಲ್ಲ, ಅವರ ದನಿ ಎಲ್ಲಿಯವರೆಗೆ ಕೇಳುತ್ತದೆ ಎಂಬುದು ಬೇಕು. ಎರಡು ನಿಮಿಷ ನೆಟ್ಟಗೆ ನಿಂತ ಮಾತ್ರಕ್ಕೆ ಯಾರೂ ಬದಲಾಗುವುದಿಲ್ಲ, ಅದು ನಿಜ. ಮಾತು ಬಾಯಿಪಾಠವಾಗದ ಹುಡುಗಿ ಎಷ್ಟು ನೆಟ್ಟಗೆ ನಿಂತರೂ ತಡವರಿಸುತ್ತಾಳೆ. ಅದಕ್ಕೇ ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತೇವೆ. ಆ ತಾಲೀಮು ಶುರುವಾಗುವುದು ಮಾತ್ರ ಪಾದದಿಂದಲೇ.

ವಿರೋಧ: ಸಿದ್ಧತೆಯ ಜಾಗಕ್ಕೆ ಭಂಗಿ ಬಾರದು
(ಮನಃಶಾಸ್ತ್ರ ಉಪನ್ಯಾಸಕರು)

ಒಂದು: ಭಂಗಿಯಿಂದ ಆತ್ಮವಿಶ್ವಾಸ ಹೆಚ್ಚುತ್ತದೆ ಎಂಬ ನಂಬಿಕೆ ಇಷ್ಟು ಹಬ್ಬಿದ್ದು 2010ರ ಒಂದು ಅಧ್ಯಯನದಿಂದ. ಸಂಶೋಧಕರಾದ ಡೇನಾ ಕಾರ್ನಿ, ಏಮಿ ಕಡಿ, ಆಂಡಿ ಯಾಪ್ ಮೂವರೂ ಸೇರಿ 42 ಜನರನ್ನು ಪರೀಕ್ಷಿಸಿದರು. ಮೈ ಅಗಲಿಸಿದ ಭಂಗಿಯಲ್ಲಿ ಎರಡು ನಿಮಿಷ ಇದ್ದವರಲ್ಲಿ ಟೆಸ್ಟೋಸ್ಟೆರೋನ್ ಹಾರ್ಮೋನು ಏರಿ, ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು ಎಂದರು. ಕಡಿ ಅವರ 2012ರ ಟೆಡ್ ಭಾಷಣದಿಂದ ಅದು ಜಗತ್ತಿಗೆಲ್ಲ ತಲುಪಿತು. 2015ರಲ್ಲಿ ಈವಾ ರಾನೆಹಿಲ್ ಮತ್ತು ಸಂಗಡಿಗರು 200 ಜನರ ಮೇಲೆ ಪ್ರಯೋಗ ಮಾಡಿದಾಗ ಹಾರ್ಮೋನಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಅಪಾಯಕ್ಕೆ ಒಡ್ಡಿಕೊಳ್ಳುವ ಧೈರ್ಯವೂ ಹೆಚ್ಚಲಿಲ್ಲ. 2016ರಲ್ಲಿ ಮೊದಲ ಅಧ್ಯಯನದ ಕಾರ್ನಿಯವರೇ ಈ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ಇಷ್ಟಾದರೂ ಶಿಬಿರಗಳಲ್ಲಿ ಹಳೆಯ ಪಾಠವೇ ನಡೆದಿದೆ.

ಎರಡು: ನೆಟ್ಟಗಿದ್ದಾಗ ಹೆಚ್ಚು ಆತ್ಮವಿಶ್ವಾಸ ಅನಿಸಿತು ಎಂದು ಜನ ಹೇಳುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ರಾನೆಹಿಲ್ ಅವರ ಪ್ರಯೋಗದಲ್ಲೂ ಕಂಡಿದೆ. ಇದನ್ನು ಅಲ್ಲಗಳೆಯಲಾಗದು. ಆದರೆ ಬಹುಪಾಲು ಪ್ರಯೋಗಗಳು ನೆಟ್ಟಗೆ ಇದ್ದವರನ್ನು ಮುದುಡಿ ಕೂತವರಿಗೆ ಹೋಲಿಸಿವೆ, ಸಹಜವಾಗಿ ಕೂತವರಿಗಲ್ಲ. ಹಾಗಾಗಿ ನೆಟ್ಟಗಿರುವುದು ಲಾಭ ತಂದಿತೋ, ಮುದುಡುವುದು ನಷ್ಟ ತಂದಿತೋ ತಿಳಿಯುವುದಿಲ್ಲ. ಮುದುಡಬಾರದು ಎಂಬಷ್ಟನ್ನು ಮಾತ್ರ ಒಪ್ಪಬಹುದು.

ಮೂರು: ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಸ್ವಸಾಮರ್ಥ್ಯದ ನಂಬಿಕೆಗೆ ನಾಲ್ಕು ಮೂಲ ಗುರುತಿಸಿದರು. ಸ್ವತಃ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಬಲವಾದದ್ದು. ತನ್ನಂಥವರು ಗೆದ್ದದ್ದನ್ನು ನೋಡುವುದು, ಇತರರ ಪ್ರೋತ್ಸಾಹ ಆಮೇಲಿನವು. ಮೈಯ ಸ್ಥಿತಿ ನಾಲ್ಕನೆಯದು. ಅದೂ ಪಟ್ಟಿಯಲ್ಲಿದೆ, ನಿಜ. ಆದರೆ ಸಂದರ್ಶನಕ್ಕೆ ಹೊರಟ ಹುಡುಗನಿಗೆ ಒಂದು ಗಂಟೆಯಷ್ಟೇ ಇದ್ದರೆ ಆ ಹೊತ್ತನ್ನು ಕೇಳಬಹುದಾದ ಪ್ರಶ್ನೆಗಳಿಗೆ ಗಟ್ಟಿಯಾಗಿ ಉತ್ತರ ಹೇಳಿ ಅಭ್ಯಾಸ ಮಾಡುವುದಕ್ಕೆ ಬಳಸಲಿ.

ನಾಲ್ಕು: ಭಂಗಿಯಿಂದ ಆತ್ಮವಿಶ್ವಾಸ ಅಳೆಯಲು ಹೊರಟರೆ ಅನ್ಯಾಯವಾಗುತ್ತದೆ. ಹಿರಿಯರ ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು ಎಂದು ಕಲಿತು ಬೆಳೆದವರನ್ನು ಸಂದರ್ಶಕರು ಪುಕ್ಕಲರೆಂದು ಬಗೆಯುತ್ತಾರೆ. ಬೆನ್ನುಮೂಳೆಯ ತೊಂದರೆ ಇರುವವರು, ಗಾಲಿಕುರ್ಚಿಯಲ್ಲಿ ಕೂತವರು ಎದೆಯುಬ್ಬಿಸಿ ನಿಲ್ಲುವುದಾದರೂ ಹೇಗೆ?

ಐದು: ರಂಗಭೂಮಿಯವರು ಉಸಿರು, ದನಿಯ ಮಾತೆತ್ತುತ್ತಾರೆ. ಅದು ದನಿಯ ತರಬೇತಿ, ಅದರ ಉಪಯೋಗ ಬೇರೆ. ಮೌಖಿಕ ಪರೀಕ್ಷೆಗೆ ಮುನ್ನ ನಾನೂ ವಿದ್ಯಾರ್ಥಿಗಳಿಗೆ ನೆಟ್ಟಗೆ ಕೂತು ದೀರ್ಘವಾಗಿ ಉಸಿರಾಡಲು ಹೇಳುತ್ತೇನೆ, ಅವರಿಗೆ ಸಮಾಧಾನ ಸಿಗುವುದೂ ಉಂಟು. ಆದರೆ ಅವರು ಪಾಸಾಗುವುದು ಓದಿನಿಂದ. ಎರಡು ನಿಮಿಷದ ಭಂಗಿಯನ್ನು ಹಣ ಪಡೆದು ಕಲಿಸುವುದಕ್ಕಿಂತ, ಪ್ರತಿ ತರಗತಿಯಲ್ಲೂ ಪ್ರತಿ ವಿದ್ಯಾರ್ಥಿಗೆ ವಾರಕ್ಕೊಮ್ಮೆ ಎದ್ದು ನಿಂತು ಮಾತಾಡುವ ಅವಕಾಶ ಕೊಟ್ಟರೆ ಆತ್ಮವಿಶ್ವಾಸ ತಾನಾಗಿ ಬೆಳೆಯುತ್ತದೆ.