ಕೊಯ್ಲಿನ ಕಾಲದಲ್ಲಿ ಮಕ್ಕಳ ಲೆಕ್ಕ

ಕಾಫಿ ಕೊಯ್ಲು ಬಂತೆಂದರೆ ನಮಗೆ ಆಳುಗಳದೇ ಚಿಂತೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಹಾಡಿಗಳಿಂದ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳು ಕೊಡಗಿನ ತೋಟಗಳಿಗೂ ನಮ್ಮಲ್ಲಿಗೂ ಕೆಲಸಕ್ಕೆ ಬರುತ್ತವೆ. ಯಾರು ಎಷ್ಟು ಕಿಲೋ ಹಣ್ಣು ಬಿಡಿಸಿದರೆಂದು ನಾವು ದಿನವೂ ಪುಸ್ತಕದಲ್ಲಿ ಬರೆಯುತ್ತೇವೆ. ಅವರೊಡನೆ ಬಂದ ಮಕ್ಕಳ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಗಿಡದ ಬುಡದಲ್ಲಿ, ಗೋಣಿಚೀಲದ ಮೇಲೆ ಅವರ ದಿನ ಕಳೆಯುತ್ತದೆ.

ಇವರಿಗೆ ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾರಂಭವಾದಾಗ, ಕರ್ನಾಟಕದಲ್ಲಿ ಮೊದಲು ಆರಿಸಿದ್ದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರವನ್ನೇ. ಇಂದು 3ರಿಂದ 6 ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ಊಟವಿದೆ, ಮೊಟ್ಟೆಯಿದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ಆಟದೊಡನೆ ಪಾಠವಿದೆ.

ಕಿವಿ ಕೇಳದ, ಮಾತು ತಡವಾದ ಮಗುವನ್ನು ಗುರುತಿಸುವ ಹೊಣೆಯೂ ಅಂಗನವಾಡಿ ಕಾರ್ಯಕರ್ತೆಯದೇ. ಅಂಗವಿಕಲ ಮಕ್ಕಳನ್ನು ಉಳಿದವರ ಜೊತೆಯಲ್ಲೇ ಕೂರಿಸಿ ಕಲಿಸುವ ಕ್ರಮವನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದೆ. ಪರೀಕ್ಷೆ, ತರಬೇತಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆದರೆ ಸುಗ್ಗಿಗೊಮ್ಮೆ ಊರು ಬಿಡುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಕಿವಿಯ ದೋಷ ತಿಳಿಯುವ ಮೊದಲೇ ಅದಕ್ಕೆ ಮೂಗನೆಂಬ ಹೆಸರು ಬಿದ್ದಿರುತ್ತದೆ. ಸಸಿಮಡಿಯಲ್ಲಿ ತಪ್ಪಿದ ಆರೈಕೆಯನ್ನು ತೋಟದಲ್ಲಿ ತುಂಬಲಾಗದೆಂಬುದು ಬೆಳೆಗಾರರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇದು ಸರ್ಕಾರದ ಕೆಲಸ, ಬೆಲೆ ಕುಸಿದಾಗ ನಮ್ಮನ್ನು ಕೇಳುವವರಾರು ಎಂದು ಕೆಲವು ಸದಸ್ಯರು ಹೇಳಬಹುದು. ಮಾತು ಸುಳ್ಳಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯು 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರವಿರಬೇಕೆಂದು ವಿಧಿಸಿತ್ತು. ಹತ್ತು ಆಳು ಇಡುವ ನಮಗೆ ಅದು ತಾಕಲಿಲ್ಲ. ಆದುದರಿಂದಲೇ ಸಣ್ಣ ತೋಟದ ಆಳಿನ ಮಗುವಿಗೆ ಅಂಗನವಾಡಿಯೊಂದೇ ಗತಿ.

ನಾವು ಯಾರಿಂದಲೂ ಹಣ ಕೇಳುತ್ತಿಲ್ಲ. ಕೊಯ್ಲಿನ ಮೊದಲ ದಿನವೇ ಬಂದಿರುವ ಮಕ್ಕಳೆಷ್ಟು, ವಯಸ್ಸೆಷ್ಟು ಎಂದು ಹತ್ತಿರದ ಅಂಗನವಾಡಿಗೆ ತಿಳಿಸೋಣ. ಊರು ಬಿಟ್ಟು ಬಂದವರೆಂಬ ಕಾರಣಕ್ಕೆ ಅವರ ಹಕ್ಕು ತಪ್ಪುವುದಿಲ್ಲ. ಮಗುವನ್ನು ಬಿಟ್ಟು, ಕರೆತರಲು ತಾಯಿಗೆ ಕೂಲಿ ಹಿಡಿಯದೆ ಹೊತ್ತು ಕೊಡೋಣ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿದರೆ ಜೀಪೊಂದು ಸಾಕು. ಅಂಗನವಾಡಿಯೇ ಇಲ್ಲದ ಕಡೆ, 6 ವರ್ಷದೊಳಗಿನ 40 ಮಕ್ಕಳಿದ್ದರೆ ಊರವರು ಕೇಳಿದ ಮೂರು ತಿಂಗಳೊಳಗೆ ಅದನ್ನು ತೆರೆಯಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಆದೇಶಿಸಿದೆ. ಆ ಅರ್ಜಿಯನ್ನು ನಮ್ಮ ಸಂಘವೇ ಬರೆಯಲಿ.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕೆಂದು ನಮ್ಮ ಆಶಯ. ಈ ಸಲ ಹಣ್ಣಿನ ಲೆಕ್ಕದ ಪುಸ್ತಕದಲ್ಲಿ ಮಕ್ಕಳಿಗೂ ಒಂದು ಪುಟವಿರಲಿ.