ಹಳೆಯ ಬೈಕು, ಸೋರುವ ಪೆಟ್ರೋಲು, ಅಡಿಕೆ ಒಲೆ



ಕೊಯ್ಲಿನ ಕಾಲ ಹತ್ತಿರ ಬಂದಾಗ ಈ ಪುಟದಲ್ಲಿ ಧಾರಣೆಯ ವಿಷಯವನ್ನೋ ಆಳುಗಳ ಅಭಾವವನ್ನೋ ಬರೆಯುವುದು ವಾಡಿಕೆ. ಈ ಸಲ ಹಳೆಯ ಮೋಟಾರ್ ಸೈಕಲ್ಲಿನ ಕಾರ್ಬುರೇಟರ್ ಬಗ್ಗೆ ಬರೆಯಹೊರಟಿದ್ದೇವೆ. ಕಾರ್ಯದರ್ಶಿಗಳಿಗೆ ಬೇರೆ ಕೆಲಸವಿಲ್ಲವೇ ಎಂದು ಕೇಳುವವರು ಕೇಳಲಿ. ಕಳೆದ ಕೊಯ್ಲಿನಲ್ಲಿ ನಮ್ಮ ಅಡಿಕೆ ಮನೆಗೆ ಬೆಂಕಿ ಬೀಳದೆ ಉಳಿದದ್ದು ನಮ್ಮ ಮನೆಯವರ ಮೂಗಿನ ದೆಸೆಯಿಂದ.

ನಮ್ಮ ತಂದೆಯವರು 1979ರಲ್ಲಿ ಕೊಂಡ ಯೆಜ್ಡಿ ಇನ್ನೂ ನಮ್ಮಲ್ಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನೂ 1973ರಿಂದ ಯೆಜ್ಡಿ ಹೆಸರಿನ ಗಾಡಿಗಳನ್ನೂ ಕೊಟ್ಟು 1996ರಲ್ಲಿ ಮುಚ್ಚಿತು. ಈಗ ಅದೇ ಹೆಸರಿನಲ್ಲಿ ಬರುವ ಹೊಸ ಗಾಡಿಗಳ ಜಾತಿಯೇ ಬೇರೆ, ಅವುಗಳಲ್ಲಿ ಕಾರ್ಬುರೇಟರೇ ಇಲ್ಲ. ನಮ್ಮ ಹಳೆಯದು ಒಂದು ಗೊಬ್ಬರದ ಚೀಲ ಹೇರಿಕೊಂಡು ತೋಟದ ಏರು ಹತ್ತುತ್ತದೆ. ಮಾರುವ ಮನಸ್ಸಿಲ್ಲ.

ಅದು ಎರಡು ವರ್ಷದಿಂದ ತೊಂದರೆ ಕೊಡುತ್ತಿತ್ತು. ಬೆಳಿಗ್ಗೆ ಹತ್ತು ಹನ್ನೆರಡು ಸಲ ಕಿಕ್ಕು ಹೊಡೆಯಬೇಕು, ಹೊತ್ತಿಕೊಂಡರೆ ಅಂಗಳ ತುಂಬ ಹೊಗೆ, ಪ್ಲಗ್ ಬಿಚ್ಚಿದರೆ ಒದ್ದೆ. ಪೇಟೆಯ ಒಬ್ಬ ಮೆಕ್ಯಾನಿಕ್ ಮೂರು ಸಲ ಕಾರ್ಬುರೇಟರ್ ಬಿಚ್ಚಿ ಕಟ್ಟಿದರು, ಕೊನೆಗೆ ಅದನ್ನೇ ಬದಲಿಸಿದರು. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ಒಂದು ಸಂಜೆ ಮಳೆಯ ಮೋಡ ಕಂಡು ಬೈಕನ್ನು ಅಡಿಕೆ ಬೇಯಿಸುವ ಮಾಡಿನೊಳಗೆ ನಿಲ್ಲಿಸಿದ್ದೆವು. ಹಂಡೆಗೆ ಅಡಿಕೆ ತುಂಬಿತ್ತು, ಒಲೆಗೆ ಸೌದೆ ಒಟ್ಟಿ ಆಗಿತ್ತು. ಚಹಾ ತಂದ ಮನೆಯವರು ಬಾಗಿಲಲ್ಲೇ ನಿಂತು, “ಎಂಥದ್ದು ಇದು, ಪೆಟ್ರೋಲ್ ವಾಸನೆ? ಕಡ್ಡಿ ಗೀರಬೇಡಿ” ಎಂದರು. ಬೈಕಿನ ಅಡಿಯ ಮಣ್ಣು ಮುಷ್ಟಿಯಗಲ ಒದ್ದೆಯಾಗಿತ್ತು. ಒಲೆಗೂ ಅದಕ್ಕೂ ನಾಲ್ಕು ಮಾರು ದೂರವಿತ್ತೇನೋ.

ನಾಲ್ಕು ಮಾರು ಸಾಕಾಗುವುದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲದ ಮೇಲೆ ನೀರಿನಂತೆ ತಗ್ಗಿನ ಕಡೆ ಹರಿಯುತ್ತದೆ. ನಮ್ಮ ಒಲೆಗಳಿರುವುದೂ ನೆಲಮಟ್ಟದಲ್ಲಿಯೇ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ಮಲೆನಾಡಿನ ಸಂಜೆಯ ತಂಪು ಅದಕ್ಕೆ ಲೆಕ್ಕವೇ ಅಲ್ಲ.

ಮರುದಿನ ನಾವೇ ಕೂತು ಟ್ಯಾಂಕಿನಿಂದ ಕೆಳಕ್ಕೆ ಒಂದೊಂದಾಗಿ ನೋಡುತ್ತಾ ಬಂದೆವು. ಕಂಡದ್ದಿಷ್ಟು: ಟ್ಯಾಂಕಿನ ತಳದಲ್ಲಿ ತುಕ್ಕು, ಟ್ಯಾಪಿನ ವಾಶರ್ ಸವೆದು ಮುಚ್ಚಿದರೂ ತೊಟ್ಟಿಕ್ಕುತ್ತಿತ್ತು, ಆ ತುಕ್ಕಿನ ಪುಡಿ ಹೊಸ ಕಾರ್ಬುರೇಟರಿನ ಫ್ಲೋಟ್ ಸೂಜಿಯ ಕೆಳಗೆ ಕೂತಿತ್ತು. ಸೂಜಿ ಕೂರದಿದ್ದರೆ ಪೆಟ್ರೋಲ್ ತುಂಬಿ ಹೊರಕ್ಕೂ ಚೆಲ್ಲುತ್ತದೆ, ರಾತ್ರಿಯೆಲ್ಲ ಎಂಜಿನ್ನಿನ ಒಳಕ್ಕೂ ಇಳಿಯುತ್ತದೆ. ಒದ್ದೆ ಪ್ಲಗ್ಗಿಗೂ ಹೊಗೆಗೂ ಅದೇ ಕಾರಣ. ಮೂರು ದುರಸ್ತಿಯಲ್ಲಿ ಯಾರೂ ಟ್ಯಾಂಕನ್ನು ತೊಳೆದಿರಲಿಲ್ಲ. ಬುಡದ ಕೊಳೆ ಬಿಟ್ಟು ಸೋಗೆಗೆ ಔಷಧಿ ಹೊಡೆದ ಹಾಗೆ!

ಆದ್ದರಿಂದ ನಮ್ಮ ಅಭಿಪ್ರಾಯವೇನೆಂದರೆ, ಹಳೆಯ ಗಾಡಿ ಕೆಟ್ಟಾಗ ಮೊದಲು ಕಾರ್ಬುರೇಟರನ್ನು ದೂರುವ ಅಭ್ಯಾಸ ಬಿಡಬೇಕು. ಅದರ ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸ. ಬೈಕನ್ನು ಬಯಲಿಗೆ ತಂದು, ಎಂಜಿನ್ ಆರಿದ ಮೇಲೆ, ಬೀಡಿ ಸಿಗರೇಟು ದೂರವಿಟ್ಟು, ಪೈಪು ಕಳಚಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಬಿಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು, ಕೆಂಪು ಪುಡಿ ಕಂಡರೆ ತುಕ್ಕು. ಟ್ಯಾಪು ಮುಚ್ಚಿ ಹತ್ತು ನಿಮಿಷ ಕಾಯಿರಿ. ಆಮೇಲೂ ಹನಿ ಬಿದ್ದರೆ ತಪ್ಪು ಟ್ಯಾಪಿನದೇ. ಟ್ಯಾಪು ಬಿಗಿಯಾಗಿದ್ದು, ತೆರೆದಾಗ ಮಾತ್ರ ಕಾರ್ಬುರೇಟರ್ ತುಂಬಿ ಚೆಲ್ಲಿದರೆ ಸೂಜಿಯನ್ನೂ ಫ್ಲೋಟನ್ನೂ ನೋಡಬೇಕು. ಹಿತ್ತಾಳೆಯ ಫ್ಲೋಟ್ ಆದರೆ ಕಿವಿಯ ಬಳಿ ಕುಲುಕಿಸಿ. ಸಂಶಯವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಎದ್ದಲ್ಲಿ ತೂತು. ಒಳಗೆ ಪೆಟ್ರೋಲ್ ಇರುವ ಫ್ಲೋಟಿಗೆ ಬೆಸುಗೆ ಹಾಕಹೋಗಿ ಕಣ್ಣು ಕಳೆದುಕೊಳ್ಳಬೇಡಿ, ಹೊಸದು ಹಾಕಿ. ಜೆಟ್ಟಿನ ತೂತಿಗೆ ತಂತಿ ಚುಚ್ಚುವುದೂ ಬೇಡ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲ್ ಖರ್ಚು ಹೆಚ್ಚುತ್ತದೆ. ಚಕ್ರಕ್ಕೆ ಗಾಳಿ ಹಾಕುವ ಪಂಪಿನಿಂದ ಊದಿದರೆ ಸಾಕು.

ಒಂದೆರಡು ಮೈಲಿ ಓಡಿ ತಾನಾಗಿ ನಿಂತು, ಐದು ನಿಮಿಷ ಬಿಟ್ಟರೆ ಮತ್ತೆ ಹೊರಡುವ ಗಾಡಿಗಳಿವೆ. ಅಂಥದ್ದು ನಿಂತಾಗ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಉಸ್ಸೆಂದು ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ. ನಮ್ಮ ಕಡೆ ಕುಂಬಾರ ಹುಳು ಇಂಥ ತೂತುಗಳನ್ನು ಬಿಡುವುದಿಲ್ಲ.

ಪೆಟ್ರೋಲ್ ಸೋರುವುದು ಕಣ್ಣಿಗೆ ಕಾಣುತ್ತದೆ, ಗಾಳಿ ಸೋರುವುದು ಕಾಣುವುದಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇದ್ದರೆ, ತಂತಿ ಸಿಕ್ಕಿಕೊಂಡಿಲ್ಲವೆಂದು ಖಾತ್ರಿಮಾಡಿಕೊಂಡು, ಕಾರ್ಬುರೇಟರ್ ಎಂಜಿನ್ನಿಗೆ ಸೇರುವ ಜಾಗಕ್ಕೆ ಸೋಪಿನ ನೀರು ಸವರಿ ನೋಡಿ. ಸದ್ದು ಬದಲಾದರೆ ಅಲ್ಲಿನ ಗ್ಯಾಸ್ಕೆಟ್ ಹೋಗಿದೆ. ಇದನ್ನು ಉದಾಸೀನ ಮಾಡಿದರೆ ಎರಡು ಸ್ಟ್ರೋಕಿನ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಇನ್ನು ಎಥನಾಲ್ ವಿಷಯ. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ದೊರೆತದ್ದು 2023ರ ಫೆಬ್ರವರಿಯಲ್ಲಿ. ಮೊದಲು 2030ಕ್ಕೆಂದಿದ್ದ ಗುರಿಯನ್ನು ಸರ್ಕಾರ 2025ಕ್ಕೆ ಹಿಂದೂಡಿತ್ತು. ಕಬ್ಬು, ಜೋಳ ಬೆಳೆಯುವವರಿಗೆ ಇದರಿಂದ ನಾಲ್ಕು ಕಾಸು ಸಿಗುವುದಾದರೆ ರೈತರಾದ ನಾವು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಆದರೆ ಹಳೆಯ ಗಾಡಿಯವನ ಪಾಡನ್ನು ಯಾರೂ ವಿಚಾರಿಸಲಿಲ್ಲ ಎಂಬ ಅಸಮಾಧಾನ ನಮಗಿದೆ. ಎಥನಾಲ್ ನೀರನ್ನು ಹೀರುತ್ತದೆ, ನೀರು ಹೆಚ್ಚಾದರೆ ಅದರೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ, ಅಂದರೆ ಟ್ಯಾಪಿನ ಬಾಯಿಗೇ ಬಂದು ಕೂರುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ವಾಶರ್‌ಗಳನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಮಳೆಗಾಲವಿಡೀ ಬೈಕನ್ನು ಮೂಲೆಗೆ ಸೇರಿಸುವವರು ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಯೇ ಇಡುವುದು ಒಳ್ಳೆಯದು. ಬರಿದಾದ ಟ್ಯಾಂಕಿನೊಳಗೆ ಸ್ವಲ್ಪ ಎಣ್ಣೆ ಸುತ್ತಾಡಿಸಿದರೆ ತುಕ್ಕು ಹಿಡಿಯದು. ಇದೇ ಮಾತು ಔಷಧಿ ಹೊಡೆಯುವ ಪವರ್ ಸ್ಪ್ರೇಯರಿಗೂ ಹುಲ್ಲು ಹೊಡೆಯುವ ಯಂತ್ರಕ್ಕೂ ಸಲ್ಲುತ್ತದೆ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಅಟ್ಟದ ಮೇಲಿಡುವ ಸದಸ್ಯರನ್ನು ನಾವು ಬಲ್ಲೆವು. ಹೆಸರು ಹೇಳುವುದಿಲ್ಲ, ದಯವಿಟ್ಟು ಇಂದೇ ಇಳಿಸಿ.

ಈ ಕಾರಣಗಳಿಂದ ಸಂಘದ ಮಳಿಗೆಯಲ್ಲಿ ಎಥನಾಲ್ ತಡೆಯುವ ಪೆಟ್ರೋಲ್ ಪೈಪು, ಕ್ಲಿಪ್ಪು, ಟ್ಯಾಪಿನ ವಾಶರ್ ಇವುಗಳನ್ನು ಇಡಬೇಕೆಂದೂ, ಕೊಯ್ಲಿಗೆ ಮೊದಲು ಒಂದು ದಿನ ಒಳ್ಳೆಯ ಮೆಕ್ಯಾನಿಕ್ ಒಬ್ಬರನ್ನು ಗೋದಾಮಿನ ಅಂಗಳಕ್ಕೆ ಕರೆಸಬೇಕೆಂದೂ ನಾವು ಆಡಳಿತ ಮಂಡಳಿಯ ಮುಂದೆ ಸೂಚಿಸಿದೆವು. ಗೊಬ್ಬರ, ಮೈಲುತುತ್ತ ಮಾರುವ ಸಂಘಕ್ಕೆ ಬೈಕಿನ ವಾಶರ್ ಯಾಕೆ ಎಂದು ಹಿರಿಯ ನಿರ್ದೇಶಕರೊಬ್ಬರು ಕೇಳಿದರು. ಕೇಳಿದ್ದು ತಪ್ಪಲ್ಲ. ಮಾರಾಟವಾಗದ ಸರಕು ಕಪಾಟಿನಲ್ಲಿ ಕೂತರೆ ಲೆಕ್ಕಪರಿಶೋಧಕರಿಗೆ ಉತ್ತರ ಕೊಡಬೇಕಾದವರು ನಾವೇ. ಆದರೆ ಸ್ಪ್ರೇಯರಿನ ವಾಶರನ್ನು ಮಳಿಗೆಯಲ್ಲಿ ಇಟ್ಟಾಗಲೂ ಇದೇ ಪ್ರಶ್ನೆ ಬಂದಿತ್ತು, ಈಗ ಅದಿಲ್ಲದೆ ಬೋರ್ಡೋ ಹೊಡೆಯುವ ಕಾಲ ಕಳೆಯುವುದಿಲ್ಲ. ಅಡಿಕೆ ಮನೆಗೆ ಬೆಂಕಿ ಬಿದ್ದರೆ ಆ ಸದಸ್ಯರ ಸಾಲದ ಕಂತೂ ಸಂಘದ ಪುಸ್ತಕದಲ್ಲೇ ಬಾಕಿ ನಿಲ್ಲುತ್ತದೆ.

ವಿಷಯ ಮುಂದಿನ ಸಭೆಗೆ ಹೋಗಿದೆ. ತಮ್ಮಲ್ಲಿ ಯಾವ ಗಾಡಿಯಿದೆ, ಯಾವ ಅಳತೆಯ ಪೈಪು ಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಯ ಗುಮಾಸ್ತರಲ್ಲಿ ಕೊಟ್ಟರೆ ಸಭೆಯಲ್ಲಿ ಮಾತನಾಡಲು ನಮಗೆ ಅನುಕೂಲ. ಅಲ್ಲಿಯವರೆಗೆ ಬೈಕು ಅಡಿಕೆ ಮನೆಯ ಹೊರಗಿರಲಿ, ಟ್ಯಾಪು ಮುಚ್ಚಿರಲಿ. ನಮ್ಮ ಯೆಜ್ಡಿ ಈಗ ಸೌದೆ ಕೊಟ್ಟಿಗೆಯ ಆಚೆ, ಹಲಸಿನ ಮರದ ಬುಡದಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿದೆ. ಎರಡನೇ ಕಿಕ್ಕಿಗೆ ಹೊರಡುತ್ತದೆ.